ಎರಡು ಬಾಗಿಲು, ಮೂರು ಬೀಗದ ಕೈ

ಹಳೆಯ ಪಿಕಪ್ ಟ್ರಕ್ಕೊಂದು ಮನೆಗೆ ಬಂದರೆ ಅದರ ಪೂರ್ವಜನ್ಮದ ಕರ್ಮವೂ ಜೊತೆಗೇ ಬರುತ್ತದೆ. ನಮ್ಮಲ್ಲಿಗೆ ಬಂದ 1985ರ ಷೆವ್ರೊಲೆಟ್ ಪಿಕಪ್ಪಿಗೆ ಬಾಗಿಲು ಎರಡು, ಬೀಗದ ಕೈ ಮೂರು. ಆ ಕಾಲದಲ್ಲಿ ಜನರಲ್ ಮೋಟರ್ಸ್ ಕಂಪನಿಯವರು ತಮ್ಮ ವಾಹನಗಳಿಗೆ ಎರಡು ಕೈಗಳನ್ನು ಕೊಡುತ್ತಿದ್ದರು: ಎಂಜಿನ್ನಿಗೆ ಚೌಕತಲೆಯದು, ಬಾಗಿಲಿಗೆ ದುಂಡುತಲೆಯದು. ಮೂರನೆಯದು ಬಂದ ಬಗೆ ಬೇರೆ. ಹಿಂದಿನ ಒಡೆಯರಾರೋ ಜಖಂಗೊಂಡ ಎಡಬಾಗಿಲನ್ನು ತೆಗೆಸಿ, ಗುಜರಿಯಿಂದ ಇನ್ನೊಂದು ಟ್ರಕ್ಕಿನ ಬಾಗಿಲನ್ನು ತಂದು ಕೂಡಿಸಿದ್ದರು. ಬಂದ ಬಾಗಿಲು ತನ್ನ ತವರಿನ ಬೀಗವನ್ನೂ ಹೊತ್ತು ತಂದಿತ್ತು!

ನಮ್ಮ ಮಗಳು ಆಸ್ಪತ್ರೆಯ ಕೆಲಸಕ್ಕೆ ಅದೇ ಟ್ರಕ್ಕಿನಲ್ಲಿ ಹೋಗತೊಡಗದಿದ್ದರೆ ಇದನ್ನು ನಗೆಯಾಡಿ ಮರೆಯಬಹುದಾಗಿತ್ತು. ಅವಳ ಪಾಳಿ ಮುಗಿಯುವುದು ಮಧ್ಯರಾತ್ರಿಗೆ. ಮಿನ್ನೆಸೋಟದ ಜನವರಿಯಲ್ಲಿ ಉಷ್ಣಮಾನ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಅಪರೂಪವಲ್ಲ. ನಿರ್ಜನವಾದ ಆ ಬಯಲಿನಲ್ಲಿ ಕೈಗವಸು ಕಳಚಿ, ಒಂದೇ ರೂಪದ ಎರಡು ದುಂಡುತಲೆಗಳ ನಡುವೆ ಬೇಕಾದುದನ್ನು ತಡಕುತ್ತ ಅವಳು ನಿಂತಿರುವ ಚಿತ್ರ ನನ್ನ ನಿದ್ದೆಯನ್ನು ಕೆಡಿಸಿತು. ನಮ್ಮವರು "ಮಾರಿಬಿಡೋಣ" ಎಂದರು. "ಬೀಗ ಸರಿಯಿಲ್ಲವೆಂದು ಯಾರಾದರೂ ಮನೆ ಮಾರುತ್ತಾರೆಯೇ ಅಪ್ಪ?" ಎಂದಳು ಮಗಳು.

ಕೊನೆಗೆ ಸ್ಕ್ರೂಡ್ರೈವರ್ ಹಿಡಿದವಳು ಇತಿಹಾಸದಲ್ಲಿ ಬಿ.ಎ. ಮಾಡಿದ ಈ ಗೃಹಿಣಿ. ಮೊದಲು ಗಾಜನ್ನು ಪೂರ್ತಿ ಮೇಲೇರಿಸಬೇಕು. ಇಲ್ಲವಾದರೆ ಒಳಗೆ ಕೈ ಆಡದು. ಗಾಜಿನ ಹಿಡಿಯ ಹಿಂದೆ ಅಡಗಿರುವ ತಂತಿಯ ಕ್ಲಿಪ್ಪನ್ನು ಕೀಳಬೇಕು. ಮೊಣಕೈಯ ಆಸರೆಯನ್ನೂ ಒಳಹಲಗೆಯನ್ನೂ ಬಿಚ್ಚಿದರೆ ಬಾಗಿಲಿನ ಹೊಟ್ಟೆ ತೆರೆದುಕೊಳ್ಳುತ್ತದೆ. ತಗಡಿನ ಅಂಚು ಈಳಿಗೆಯಷ್ಟೇ ಹರಿತ. ದಪ್ಪ ಕೈಗವಸು ಅಗತ್ಯ. ಬೀಗವನ್ನು ಹಿಡಿದಿರುವುದು ಕುದುರೆಲಾಳದಂತಹ ಒಂದೇ ಒಂದು ತಗಡಿನ ಕ್ಲಿಪ್. ಅದನ್ನು ಪಕ್ಕಕ್ಕೆ ಜಾರಿಸಿದೊಡನೆ, ಅಷ್ಟು ದೊಡ್ಡ ಬಾಗಿಲನ್ನು ಕಾಯುತ್ತಿದ್ದ ಬೀಗ ಹೆಬ್ಬೆರಳ ಗಾತ್ರದ್ದಾಗಿ ಅಂಗೈಗೆ ಬಂತು.

ಅದನ್ನೂ ಬಲಬಾಗಿಲಿನ ಕೈಯನ್ನೂ ಬೀಗ ರಿಪೇರಿಯ ಮುದುಕರೊಬ್ಬರ ಬಳಿಗೆ ಒಯ್ದೆ. ಕೈಯನ್ನೇ ಸ್ವಲ್ಪ ಉಜ್ಜಿ ಎರಡಕ್ಕೂ ಹೊಂದಿಸಬಾರದೇ ಎಂದು ಕೇಳಿದೆ. ಅವರು ತಲೆಯಾಡಿಸಿದರು: ಉಜ್ಜಿದ ಕೈ ಇದನ್ನು ತೆರೆಯುವ ಮಾತಿರಲಿ, ಈಗ ತೆರೆಯುತ್ತಿರುವುದನ್ನೂ ತೆರೆಯಲಾರದು. ಬೀಗದೊಳಗೆ ಆರು ತೆಳುವಾದ ಹಿತ್ತಾಳೆಯ ಬಿಲ್ಲೆಗಳಿದ್ದವು. ಒಂದೊಂದಕ್ಕೂ ಒಂದೊಂದು ಎತ್ತರದಲ್ಲಿ ಕಚ್ಚು. ತಕ್ಕ ಕೈ ಒಳಹೊಕ್ಕಾಗ ಆರೂ ಕಚ್ಚುಗಳು ಒಂದೇ ಸಾಲಿಗೆ ಬರುತ್ತವೆ, ಪಕ್ಕದ ಪುಟ್ಟ ಪಟ್ಟಿ ಅವುಗಳಲ್ಲಿ ಇಳಿಯುತ್ತದೆ, ಬೀಗ ತಿರುಗುತ್ತದೆ. ಒಂದು ಬಿಲ್ಲೆ ಮುನಿಸಿಕೊಂಡರೂ ಬಾಗಿಲು ತೆರೆಯದು. ಅವರು ಹಳೆಯ ಬಿಲ್ಲೆಗಳನ್ನು ತೆಗೆದು, ನಮ್ಮ ಕೈಗೆ ಒಪ್ಪುವಂಥವನ್ನು ಇಕ್ಕಳದಿಂದ ಒಂದೊಂದಾಗಿ ಕೂಡಿಸಿದರು. ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆಂದು ಗ್ರಾಫೈಟ್ ಪುಡಿಯನ್ನು ಊದಿದರು. ಸಂಜೆಯೊಳಗೆ ಬೀಗ ಮತ್ತೆ ಬಾಗಿಲನ್ನು ಸೇರಿತು. ಮೂರನೆಯ ಕೈ ಗೊಂಚಲಿನಿಂದ ಕಳಚಿತು.

ಪರದೇಶದ ಬಾಗಿಲುಗಳ ಮುಂದೆ ಊರಿನಿಂದ ತಂದ ಕೈಯನ್ನು ಹಿಡಿದು ನಿಂತವರು ನಾವೆಲ್ಲರೂ. ಅದನ್ನು ಎಷ್ಟು ಉಜ್ಜಬೇಕೆಂಬುದೇ ಬಹುಕಾಲ ನಮ್ಮ ಚಿಂತೆಯಾಗಿತ್ತು. ಬಾಗಿಲೂ ಕೈಯೂ ಹಾಗೆಯೇ ಉಳಿದು, ಒಳಗಿನ ಆರು ಬಿಲ್ಲೆಗಳಷ್ಟೇ ಬದಲಾದರೆ ಸಾಕೆಂದು ಆ ಮುದುಕರ ಇಕ್ಕಳ ತೋರಿಸಿಕೊಟ್ಟಿತು. ಮಕ್ಕಳ ಕನ್ನಡ, ನಮ್ಮ ಇಂಗ್ಲಿಷು, ನೆರೆಯವರ ಸ್ನೇಹ, ಇವೆಲ್ಲವೂ ಅಂತಹ ಬಿಲ್ಲೆಗಳೇ ಇರಬೇಕು. ತಾಳ್ಮೆಯಿಂದ ಒಂದೊಂದನ್ನೇ ಕೂಡಿಸಬೇಕು.