ಬಿರುಕು ಬಂದ ಮೇಲೆ ಬುದ್ಧಿ

ಗೊರೇಬಾಳದಲ್ಲಿ ನನ್ನನ್ನು ಆರ್ಕಿಟೆಕ್ಟ್ ಎಂದು ಕರೆದವರು ಒಬ್ಬರೂ ಇಲ್ಲ. ಹಿರಿಯರಿಗೆ ನಾನು 'ಇಂಜಿನೇರ', ಹುಡುಗರಿಗೆ 'ನಕ್ಷೆ ಸರ್'. ನಮ್ಮ ಓಣಿಯ ಆಯಿ ಒಮ್ಮೆ ನೇರವಾಗಿ ಕೇಳಿಯೇಬಿಟ್ಟಳು: "ಮನಿ ಗೌಂಡಿ ಕಟ್ತಾನ, ಕಬ್ಬಿಣದ ಲೆಕ್ಕ ಇಂಜಿನೇರ ಹೇಳ್ತಾನ, ಬಾಗಲಾ ಯಾ ಕಡಿಗೆ ಅಂತ ಸ್ವಾಮಿಗಳು ಹೇಳ್ತಾರ. ನಡುವ ನಿಂದೇನೋ ತಮ್ಮಾ?" ಐದು ವರ್ಷ ಓದಿ ಬಂದಿದ್ದ ನನಗೆ ಉತ್ತರ ಹೊಳೆಯಲಿಲ್ಲ.

ಕಾನೂನನ್ನು ನೆನೆದು ಸಮಾಧಾನ ಮಾಡಿಕೊಂಡೆ. 1972ರ ಕಾಯ್ದೆಯಂತೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿಯಾದವರಷ್ಟೇ 'ಆರ್ಕಿಟೆಕ್ಟ್' ಎಂಬ ಬಿರುದು ಹಾಕಿಕೊಳ್ಳಬಹುದು. ಆದರೆ ಕಾಯ್ದೆ ಕಾಯುವುದು ಬಿರುದನ್ನೇ ಹೊರತು ಕೆಲಸವನ್ನಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಕ್ಷೆ ಯಾರಾದರೂ ಬರೆಯಲಿ, ಬೋರ್ಡು ಮಾತ್ರ ನನ್ನದು! ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿ ಕಟ್ಟಿದ ಗುಂಡನಿಗೆ ಎಂಟನೆಯ ಶತಮಾನದಲ್ಲೇ 'ತ್ರಿಭುವನಾಚಾರಿ' ಎಂಬ ಬಿರುದಿತ್ತು. ಅವನ ಬಿರುದಿನ ಹಿಂದೆ ಗುಡಿಯಿತ್ತು. ನನ್ನದರ ಹಿಂದೆ ಸಿಂಧನೂರಿನ ಬಾಡಿಗೆ ಕೋಣೆಯ ಗೋಡೆ ಇತ್ತು.

ಬೆಂಗಳೂರಿನ ಗೆಳೆಯ ಆಗಾಗ ಫೋನ್ ಮಾಡಿ, "ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಸೇರಿಕೋ" ಎಂದು ಪೀಡಿಸುತ್ತಿದ್ದ. ಮುಂಬಯಿಯ ಜೆ.ಜೆ. ಕಲಾಶಾಲೆಯ ಹಳೆಯ ವಿದ್ಯಾರ್ಥಿಗಳು 1917ರಲ್ಲಿ ಕಟ್ಟಿಕೊಂಡ ಕೂಟವೇ 1929ರಲ್ಲಿ ಈ ಹೆಸರು ಪಡೆಯಿತು ಎಂಬ ಚರಿತ್ರೆಯನ್ನೂ ಹೇಳಿದ. ನೋಂದಣಿ ಕಡ್ಡಾಯ, ಸಂಘ ನಿನ್ನಿಷ್ಟ ಎಂದ. ಕಡ್ಡಾಯವಲ್ಲದ್ದಕ್ಕೆ ರೊಕ್ಕ ಯಾಕೆ ಕೊಡಲಿ? ಸಂಘವೆಂದರೆ ವರ್ಷಕ್ಕೊಂದು ಡೈರಿ, ಒಂದು ಶಾಲು, ಒಂದು ಊಟ ಎಂದು ನಕ್ಕುಬಿಟ್ಟೆ.

ಆಮೇಲೆ ಊರಲ್ಲಿ ಕಾಕಾನ ಮನೆ ಕಟ್ಟಿಸಿದೆ. ನಮ್ಮದು ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಾಯಿ ಬಿಡುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಭತ್ತದ ಗದ್ದೆ ಹಿತ್ತಲಿನವರೆಗೂ ಬಂದಿದೆ. ಎರಡನೆಯ ಬೇಸಿಗೆಗೆ ಪಡಸಾಲೆಯ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಮೇಲೆ ಹತ್ತಿತು. ಕಾಕಾ ಒಂದು ಮಾತೂ ಆಡಲಿಲ್ಲ, ರೈಸ್‌ಮಿಲ್ಲಿನ ಕ್ಯಾಲೆಂಡರ್ ತಂದು ಅದರ ಮೇಲೆ ತೂಗುಹಾಕಿದ. ಮರುವರ್ಷ ಇನ್ನೂ ದೊಡ್ಡ ಕ್ಯಾಲೆಂಡರ್ ಬಂತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮುತ್ಯಾನ ಮಣ್ಣಿನ ಮನೆಯೂ ಸೀಳುತ್ತಿತ್ತು. ಯುಗಾದಿಗೆ ಮಣ್ಣು ಮೆತ್ತಿ ಸಾರಿಸಿದರೆ ಮುಗಿಯಿತು, ಅದನ್ನು ಯಾರೂ ಅವಮಾನ ಎನ್ನುತ್ತಿರಲಿಲ್ಲ. ಸಂಜೆ ಗೌಂಡಿಗಳೆಲ್ಲ ಅಗಸಿ ಕಟ್ಟೆಯ ಮೇಲೆ ಕೂಡುತ್ತಿದ್ದರು. ಯಾರ ಮಾಳಿಗೆ ಸೋರಿತು, ಯಾರ ಪಾಯಕ್ಕೆ ಎಷ್ಟು ಆಳದಲ್ಲಿ ಗರಸು ಹತ್ತಿತು, ಯಾರು ಕಟ್ಟಿದ ಗೋಡೆ ವಾಲಿತು, ಎಲ್ಲವೂ ಬೀಡಿಯ ಹೊಗೆಯಲ್ಲಿ ಹೊರಬೀಳುತ್ತಿತ್ತು. ಚಂದಾ ಇಲ್ಲ, ರಸೀದಿ ಇಲ್ಲ. ಚಡ್ಡಿ ಹಾಕಿದ ನಾನು ಪಕ್ಕದಲ್ಲೇ ಗೋಲಿ ಆಡುತ್ತಿದ್ದೆ. ಕಿವಿ ಕೊಟ್ಟಿದ್ದರೆ ಕಾಕಾನ ಗೋಡೆ ಉಳಿಯುತ್ತಿತ್ತು.

ಕೊನೆಗೆ ಗೆಳೆಯ ಹೇಳಿದ ಸಂಘಕ್ಕೆ ಚಂದಾ ಕಟ್ಟಿದೆ. ಬೆಂಗಳೂರಿನ ಮೊದಲ ಸಭೆಯಲ್ಲಿ ಭಾಷಣಗಳಿಗೆ ತೂಕಡಿಸಿದ್ದು ನಿಜ. ಊಟದ ಹೊತ್ತಿಗೆ ಬಿಳಿಗಡ್ಡದ ಹಿರಿಯರೊಬ್ಬರಿಗೆ ಅಂಜುತ್ತಲೇ ಮೊಬೈಲಿನಲ್ಲಿದ್ದ ಬಿರುಕು ತೋರಿಸಿದೆ. ಅವರು ಜಾಮೂನು ನುಂಗಿ, "ನನ್ನ ಮೊದಲ ಮನೇನೂ ಹೀಗೇ ಸೀಳಿತ್ತು" ಎಂದರು. ಇನ್ನೂ ನಾಲ್ವರು ತಟ್ಟೆ ಹಿಡಿದುಕೊಂಡೇ ಬಂದು ತಂತಮ್ಮ ಬಿರುಕು ಬಿಚ್ಚಿದರು. ಕರಿಮಣ್ಣು ತೆಗೆದು ಗರಸು ತುಂಬಿ ಧಮ್ಮಸು ಮಾಡು ಎಂದರು ಒಬ್ಬರು. ಎರೆ ಬಹಳ ಆಳವಿದ್ದರೆ ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ, ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಪೈಲ್ ಇಳಿಸು ಎಂದರು ಇನ್ನೊಬ್ಬರು. ಕಟ್ಟಿಯಾದ ಮನೆಗಾದರೆ ಸುತ್ತ ಪರಸಿ ಹಾಸಿ, ನೀರು ಪಾಯದ ಕಡೆ ಹೋಗದಂತೆ ಇಳಿಜಾರು ಕೊಡು ಎಂದರು ಹಿರಿಯರು. ಡೈರಿ, ಶಾಲು ಎರಡೂ ಸಿಗಲಿಲ್ಲ. ಕಳೆದುಹೋದ ಅಗಸಿ ಕಟ್ಟೆ ಸಿಕ್ಕಿತು.

ಕಾಕಾನ ಮನೆಯ ಸುತ್ತ ಪರಸಿ ಹಾಸಿಸಿದೆ. ಬಿರುಕು ಅಲ್ಲೇ ನಿಂತಿದೆ, ಕ್ಯಾಲೆಂಡರ್ ತೆಗೆಯಲು ಮಾತ್ರ ಕಾಕಾ ಒಪ್ಪುತ್ತಿಲ್ಲ. ಸಂಘ ಸೇರಿದರೆ ಏನು ಸಿಗುತ್ತದೆ ಎಂದು ನಮ್ಮ ಕಡೆಯ ಹೊಸ ಹುಡುಗರು ಕೇಳಿದರೆ ಅವರನ್ನು ಆ ಬಿರುಕಿನ ಮುಂದೆ ನಿಲ್ಲಿಸಿ ಹೇಳುತ್ತೇನೆ: "ನಾನು ಇದು ಬಂದ ಮೇಲೆ ಸೇರಿದೆ. ನೀವು ಮೊದಲೇ ಸೇರ್ರೆಪಾ."