ಹಿಂದಕ್ಕೆ ನಡೆಯುವ ಹಬ್ಬ

ಯುಗಾದಿ, ಪಂಚಮಿ, ಎಳ್ಳಮಾವಾಸಿ ಎಲ್ಲ ತಂತಮ್ಮ ಹಂಗಾಮು ಹಿಡಿದೇ ಬರುತ್ತವೆ. ನಮ್ಮ ಬಗದಲ್ ಸೀಮೆಯ ಪೀರಲ ಹಬ್ಬ, ಅಂದರೆ ಮೊಹರಂ, ಹಾಗಲ್ಲ. ಅದು ಚಂದ್ರನ ಲೆಕ್ಕದ್ದು. ವರ್ಷಕ್ಕೆ 11 ದಿನ ಹಿಂದೆ ಸರಿಯುತ್ತದೆ. ‘ದೇವರು ಹೊಲ ನೋಡ್ಕೋತ ಹಿಂದಕ್ಕ ನಡೀತಾನ’ ಎನ್ನುತ್ತಿದ್ದಳು ಅಜ್ಜಿ.

ನನ್ನ ನೆನಪಿನ ಪೀರಲು ಮಳೆಯಲ್ಲಿ ತೊಯ್ದದ್ದು. 1956ರ ಆಗಸ್ಟ್. ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಲು ಇನ್ನೂ ಎರಡೂವರೆ ತಿಂಗಳಿತ್ತು. ಹೊಲದಲ್ಲಿ ಹೆಸರುಕಾಯಿ, ಕಾಲಿಗೆ ಮೆತ್ತುವ ಕೆಂಪು ರಾಡಿ. ಬೆಂಕಿ ಹಾಕುವ ಅಲಾಯಿ ಕುಣಿಗೆ ನೀರು ನುಗ್ಗದಂತೆ ಸುತ್ತ ಬದು ಹಾಕುತ್ತಿದ್ದರು. ಹಸಿ ಕಟ್ಟಿಗೆ ಉರಿಯುವುದಕ್ಕಿಂತ ಹೊಗೆಯುವುದೇ ಹೆಚ್ಚು. ಹರಕೆ ಹೊತ್ತವರು ಮುಷ್ಟಿ ಉಪ್ಪು ಎಸೆದರೆ ಕೆಂಡ ಚಟಪಟ ಸಿಡಿಯುತ್ತಿತ್ತು. ಆ ಸದ್ದಿಗೇ ನಮ್ಮ ಹೆಜ್ಜೆ ಏಳುತ್ತಿತ್ತು.

ಮನೆಯಲ್ಲಿ ಚೊಂಗೆ. ಗೋಧಿ ಹಿಟ್ಟು ಲಟ್ಟಿಸಿ, ಗೀರು ಕೊರೆದ ಮಣೆಯ ಮೇಲೆ ಒತ್ತಿ, ಬೇಯಿಸಿ, ಮೇಲೆ ಬೆಲ್ಲ ಸವರಿ ಗಸಗಸೆ ಉದುರಿಸುವುದು. ಬೆಲ್ಲ ಗೀರಿಗಿಳಿದು ಗಟ್ಟಿಯಾಗುವ ತನಕ ಮುಟ್ಟಬಾರದು. ನಾನು ಮುಟ್ಟುತ್ತಿದ್ದೆ, ಬೆರಳು ಸುಡುತ್ತಿತ್ತು, ಸುಟ್ಟ ಬೆರಳು ಸೀದಾ ಬಾಯಿಗೆ.

ಪೀರ ದೇವರು ಹೊರಡುವ ಹಿಂದಿನ ರಾತ್ರಿಗೆ ‘ಕತ್ತಲ ರಾತ್ರಿ’ ಎಂದು ಹೆಸರು. ಪೆಟ್ರೋಮ್ಯಾಕ್ಸ್ ಹಚ್ಚಿ ಊರನ್ನೇ ಹಗಲು ಮಾಡಿದ ಮೇಲೆ ಎಲ್ಲಿಯ ಕತ್ತಲು? ಅದು ಉರ್ದುವಿನ ‘ಖತಲ್’, ಕೊಲೆಯ ರಾತ್ರಿ ಎಂದು ನನಗೆ ತಿಳಿದದ್ದು ಕಾಲೇಜು ಸೇರಿದ ಮೇಲೆ. ಹಂಚಿದ ಶರಬತ್ತು ಕರ್ಬಲಾದಲ್ಲಿ ನೀರಿಲ್ಲದೆ ಮಡಿದವರ ನೆನಪಿಗೆ ಎಂಬುದೂ ಆಗಲೇ. ನಾವೋ ಮೂರು ಲೋಟ ಕುಡಿದು, ಹುಲಿ ವೇಷದವನ ಬಾಲ ಜಗ್ಗಿ, ಅತ್ತವರ ಹಬ್ಬವನ್ನು ನಕ್ಕು ಕಳೆದಿದ್ದೆವು.

ದೊಡ್ಡವರಿಗೆ ಇನ್ನೊಂದು ನೆನಪಿತ್ತು. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಹೈದರಾಬಾದನ್ನು ಭಾರತದ ಸೇನೆ ವಶಕ್ಕೆ ತೆಗೆದುಕೊಂಡ ಪೊಲೀಸ್ ಆಕ್ಷನ್. ಮೊದಲು ನಿಜಾಮನ ಪರದ ರಜಾಕಾರರ ಹಾವಳಿ, ಆಮೇಲೆ ಮುಸಲ್ಮಾನರ ಮೇಲೆ ತೀರಿಸಿಕೊಂಡ ಸೇಡು. ನಮ್ಮ ಜಿಲ್ಲೆ ಎರಡನ್ನೂ ಕಂಡಿತು. ಎಂಟೇ ವಾರಕ್ಕೆ, ನವೆಂಬರಿನಲ್ಲಿ, ಪೀರಲ ಹಬ್ಬ ಬಂದಿತ್ತು. ಆ ವರ್ಷದ ಮಾತು ತೆಗೆದರೆ ಅಪ್ಪ ಬೀಡಿ ಹಚ್ಚಿಕೊಂಡು ಅಂಗಳಕ್ಕೆ ಹೋಗಿಬಿಡುತ್ತಿದ್ದರು. ಆದರೆ 1956ರಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತೊಯ್ದು, ಪೀರಗಳ ಮುಂದೆ ನಿಲ್ಲಿಸಿ, ಕೊರಳಿಗೆ ಕೆಂಪು ಲಾಡಿ ಹಾಕಿಸಿ ಫಕೀರನನ್ನಾಗಿ ಮಾಡಿದವರು ಅದೇ ಅಪ್ಪ. ಲಾಡಿ ಕಟ್ಟಿದ ಮುಜಾವರರೂ ಅಪ್ಪನೂ ಆ ಹೊತ್ತು ಒಂದು ಮಾತೂ ಆಡಲಿಲ್ಲ. ಇಬ್ಬರೂ ಗಂಟು ಬಿಗಿಯಾಯಿತೇ ಎಂದು ಒಂದೊಂದು ಸಲ ಎಳೆದು ನೋಡಿದರು.

ಹಿಂದಕ್ಕೆ ನಡೆಯುವ ಈ ಹಬ್ಬ ಅದೇ ಹಂಗಾಮಿಗೆ ಮರಳಲು ಸುಮಾರು 33 ವರ್ಷ ಬೇಕು. ನನ್ನ ಪಾಲಿಗೆ ಆಗಸ್ಟಿನ ಮಳೆ ಮೂರು ಸುತ್ತು ಸಿಕ್ಕಿತು: 1956, 1989, ಆಮೇಲೆ 2022. ಮೂರನೆಯ ಸಲ ಮೊಣಕಾಲು ಕುಣಿಯಗೊಡಲಿಲ್ಲ. ಕುಣಿಗೆ ಒಂದು ಮುಷ್ಟಿ ಉಪ್ಪು ಎಸೆದು, ಅದು ಸಿಡಿಯುವುದನ್ನು ಕೇಳಿಸಿಕೊಂಡು ಮನೆಗೆ ಬಂದೆ.