ಕಡಲಾಳದ ಕರೆ

ಕಣ್ಣಿಗೆ ಬೀಳದ ಜೀವಿಗೆ ತನ್ನಿಂದ ನೋವಾದರೆ ಅದನ್ನು ಹಿಂಸೆಯೆಂದು ಒಪ್ಪಿಕೊಳ್ಳಲು ಮನುಷ್ಯನ ಮನಸ್ಸು ಸುಲಭವಾಗಿ ಸಿದ್ಧವಾಗುವುದಿಲ್ಲ. ‘ಕಾಣಲಿಲ್ಲ, ತಿಳಿಯಲಿಲ್ಲ’ ಎಂಬೆರಡು ಮಾತುಗಳಲ್ಲಿ ಹೊಣೆ ತೀರಿತೆಂದು ಅದು ಭಾವಿಸುತ್ತದೆ. ಆದರೆ ತಿಳಿಯುವ ಸಾಧನವು ಕೈಗೆ ಬಂದ ಮೇಲೂ ಈ ಸಮಾಧಾನವು ಸಲ್ಲುತ್ತದೆಯೆ? ಅಮೆರಿಕೆಯ ಬಾಸ್ಟನ್ ಬಂದರಿನ ಹಡಗುದಾರಿಯಲ್ಲಿ ಈ ಪ್ರಶ್ನೆಯು ಎದುರಾಯಿತು. ಅಲ್ಲಿ ದೊರೆತ ಉತ್ತರವು ವಿಚಾರಯೋಗ್ಯವಾಗಿದೆ.

ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ‘ರೈಟ್ ತಿಮಿಂಗಿಲ’ವೆಂಬ ಮಹಾಜೀವಿಯುಂಟು. ನಿಧಾನವಾಗಿ ಈಜುವ, ಕೊಂದ ಮೇಲೆ ನೀರಿನಲ್ಲಿ ತೇಲುವ ಈ ಪ್ರಾಣಿಯನ್ನು ಎಣ್ಣೆಗಾಗಿ ಶತಮಾನಗಳ ಕಾಲ ಬೇಟೆಯಾಡಲಾಯಿತು. 1935ರಲ್ಲಿ ಬೇಟೆಗೆ ಅಂತಾರಾಷ್ಟ್ರೀಯ ನಿಷೇಧ ಬಂದಿತು. ಆದರೂ ಇಂದು ಉಳಿದಿರುವವು ನಾಲ್ಕುನೂರಕ್ಕೂ ಕಡಿಮೆ. ಈಟಿಯು ಹೋಯಿತು; ಅದರ ಸ್ಥಾನಕ್ಕೆ ಹಡಗಿನ ಹೊಡೆತವೂ ಮೀನುಗಾರಿಕೆಯ ಹಗ್ಗವೂ ಬಂದವು. ಕೊಲ್ಲಬೇಕೆಂಬ ಸಂಕಲ್ಪವು ಈಗ ಯಾರಲ್ಲಿಯೂ ಇಲ್ಲ. ಸಾವು ಮಾತ್ರ ನಿಂತಿಲ್ಲ.

ನೀರಿನಲ್ಲಿ ಬೆಳಕು ಬಹುದೂರ ಸಾಗಲಾರದು. ಶಬ್ದವಾದರೋ ಸೆಕೆಂಡಿಗೆ ಸುಮಾರು 1500 ಮೀಟರ್, ಎಂದರೆ ಗಾಳಿಯಲ್ಲಿನ ವೇಗದ ನಾಲ್ಕು ಪಟ್ಟಿಗಿಂತ ಹೆಚ್ಚಾಗಿ ಓಡುತ್ತದೆ. ಆದುದರಿಂದ ತಿಮಿಂಗಿಲಕ್ಕೆ ಕಿವಿಯೇ ಕಣ್ಣು. ಒಂದು ಇನ್ನೊಂದನ್ನು ಅರಸುವಾಗ ತಗ್ಗಿನಿಂದ ಮೇಲಕ್ಕೇರುವ ಒಂದು ಕಿರುದನಿಯನ್ನು ಹೊರಡಿಸುತ್ತದೆ. ಹೈಡ್ರೋಫೋನ್ ಎಂಬ ನೀರೊಳಗಿನ ಧ್ವನಿಗ್ರಾಹಕವು ಆ ದನಿಯನ್ನು ಹಿಡಿಯಬಲ್ಲದು. ರಾತ್ರಿಯಾಗಲಿ, ಮಂಜಾಗಲಿ, ಬಿರುಗಾಳಿಯಾಗಲಿ ಅದರ ಕೆಲಸಕ್ಕೆ ಅಡ್ಡಿಯಾಗುವುದು ಕಡಿಮೆ.

ಬಾಸ್ಟನ್ನಿನ ಸಮೀಪದ ಸ್ಟೆಲ್‌ವಾಗನ್ ಬ್ಯಾಂಕ್ ಸಾಗರಧಾಮದ ಬಳಿ ದ್ರವೀಕೃತ ಅನಿಲದ ಹಡಗುಗಳಿಗೆ ನಿಲ್ದಾಣ ಕಟ್ಟಲು ಅನುಮತಿ ನೀಡುವಾಗ ಸರಕಾರವು ಒಂದು ಷರತ್ತನ್ನು ವಿಧಿಸಿತು. ಅದರಂತೆ 2008ರ ವೇಳೆಗೆ ಹಡಗುದಾರಿಯ ಉದ್ದಕ್ಕೂ ಹತ್ತು ತೇಲುಬುರುಡೆಗಳು ಲಂಗರು ಹಾಕಿ ನಿಂತವು. ಕಾರ್ನೆಲ್ ವಿಶ್ವವಿದ್ಯಾಲಯ ಮತ್ತು ವುಡ್ಸ್ ಹೋಲ್ ಸಾಗರವಿಜ್ಞಾನ ಸಂಸ್ಥೆಗಳ ತಜ್ಞರು ಅವನ್ನು ರೂಪಿಸಿದ್ದರು. ಬುರುಡೆಯೊಳಗಿನ ಯಂತ್ರವು ತಿಮಿಂಗಿಲದ್ದೆಂದು ತೋರುವ ದನಿಗಳನ್ನು ಆರಿಸಿ ದಡಕ್ಕೆ ಕಳುಹಿಸುತ್ತಿತ್ತು. ದಡದಲ್ಲಿ ತಜ್ಞರು ಕೇಳಿ ದೃಢಪಡಿಸುತ್ತಿದ್ದರು. ಸುದ್ದಿ ತಲುಪಿದ ಅನಿಲದ ಹಡಗು ತನ್ನ ವೇಗವನ್ನು 10 ನಾಟಿಗೆ, ಎಂದರೆ ಗಂಟೆಗೆ ಸುಮಾರು 18.5 ಕಿಲೋಮೀಟರಿಗೆ ಇಳಿಸಬೇಕಾಗಿತ್ತು.

ವೇಗಕ್ಕೇಕೆ ಇಷ್ಟು ಮಹತ್ವ? 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, 15 ನಾಟ್ ವೇಗದ ಹಡಗು ಬಡಿದರೆ ದೊಡ್ಡ ತಿಮಿಂಗಿಲವು ಸಾಯುವ ಸಂಭವ ಶೇಕಡಾ 79, 8.6 ನಾಟ್ ವೇಗದಲ್ಲಿ ಅದು ಶೇಕಡಾ 21. ಪ್ರಾಣಕ್ಕೂ ಮರಣಕ್ಕೂ ನಡುವೆ ಇರುವುದು ಕೆಲವು ನಾಟ್‌ಗಳ ಅಂತರ ಮಾತ್ರ.

ಹೊಡೆತವೊಂದೇ ಹಿಂಸೆಯಲ್ಲ, ಗದ್ದಲವೂ ಹಿಂಸೆಯೇ. 2001ರ ಸೆಪ್ಟೆಂಬರ್ 11ರ ದುರಂತದ ತರುವಾಯ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗುಗಳ ಓಡಾಟ ಇಳಿಯಿತು. ನೀರೊಳಗಿನ ಸದ್ದು 6 ಡೆಸಿಬಲ್‌ನಷ್ಟು ತಗ್ಗಿತು. ಅದೇ ದಿನಗಳಲ್ಲಿ ಸಂಗ್ರಹಿಸಿದ ತಿಮಿಂಗಿಲಗಳ ಮಲದಲ್ಲಿ ಉದ್ವೇಗವನ್ನು ಸೂಚಿಸುವ ಹಾರ್ಮೋನಿನ ಅಂಶವೂ ಕಡಿಮೆಯಾಗಿದ್ದುದು 2012ರಲ್ಲಿ ಪ್ರಕಟವಾಯಿತು. ಮನುಷ್ಯನು ತನ್ನ ಶೋಕದಲ್ಲಿ ಮೌನವಾದಾಗ ಮೂಕಜೀವಿಗೆ ನೆಮ್ಮದಿ ದೊರೆಯಿತೆಂದರೆ, ಆತನ ದಿನನಿತ್ಯದ ಸದ್ದು ಅದಕ್ಕೆ ಎಷ್ಟು ಭಾರವಾಗಿದ್ದಿರಬೇಕು!

ಹೀಗಿದ್ದರೂ ಆಲಿಸುವ ಯಂತ್ರಕ್ಕೆ ಒಂದು ಮಿತಿಯುಂಟು. ವಿವೇಕಿಗಳು ಅದನ್ನು ಮರೆಯಬಾರದು. ಕೂಗಿದ ಜೀವಿಯನ್ನು ಮಾತ್ರ ಅದು ಬಲ್ಲದು. ಮರಿಹಾಕುವ ನೆಲೆಗಳಲ್ಲಿ ತಾಯಿ ತಿಮಿಂಗಿಲಗಳು ಎಳೆಯ ಮರಿಗಳೊಡನೆ ಇರುವಾಗ ಎತ್ತರದ ದನಿಯನ್ನು ಬಿಟ್ಟು ಪಿಸುಮಾತಿನಂತಹ ಅತಿ ಸಣ್ಣ ಸದ್ದನ್ನೇ ಹೆಚ್ಚಾಗಿ ಬಳಸುತ್ತವೆಂದು 2019ರ ಅಧ್ಯಯನವೊಂದು ತಿಳಿಸಿತು. ಶತ್ರುವಿನ ಕಿವಿಗೆ ಬೀಳದಂತೆ ಮರಿಯನ್ನು ಕಾಯುವ ಉಪಾಯವದು ಎಂದು ಅದನ್ನು ನಡೆಸಿದವರ ಊಹೆ. ಯಾವ ಜೀವಿಗೆ ರಕ್ಷಣೆ ಎಲ್ಲಕ್ಕಿಂತ ಅಗತ್ಯವೋ ಅದೇ ಎಲ್ಲಕ್ಕಿಂತ ಮೌನಿ! ಆದುದರಿಂದ ಕರೆ ಕೇಳಿದರೆ ಅಲ್ಲಿ ಜೀವವಿದೆಯೆಂದು ನಿಶ್ಚಯಿಸಬಹುದು. ಕೇಳದಿದ್ದರೆ ಇಲ್ಲವೆಂದು ನಿಶ್ಚಯಿಸಲಾಗದು.

ಈ ಕಾರಣದಿಂದಲೇ ಎರಡು ಬಗೆಯ ನಿಯಮಗಳು ಒಂದಕ್ಕೊಂದು ಪೂರಕವಾಗಿ ಬೇಕಾಗುತ್ತವೆ. 2008ರ ಡಿಸೆಂಬರಿನಲ್ಲಿ ಅಮೆರಿಕೆಯಲ್ಲಿ ಜಾರಿಗೆ ಬಂದ ನಿಯಮವು, ತಿಮಿಂಗಿಲಗಳು ಬರುವ ಋತುಗಳಲ್ಲಿ ಗೊತ್ತುಪಡಿಸಿದ ಪ್ರದೇಶಗಳೊಳಗೆ 65 ಅಡಿಗೆ ಕಡಿಮೆಯಿಲ್ಲದ ಹಡಗುಗಳ ವೇಗವನ್ನು, ದನಿ ಕೇಳಲಿ ಬಿಡಲಿ, 10 ನಾಟಿಗೆ ಮಿತಗೊಳಿಸಿತು. 2020ರಿಂದ ಅಲ್ಲಿ ದನಿ ಕೇಳಿದ ಇತರ ಕಡೆಗಳಲ್ಲಿಯೂ ನಿಧಾನವಾಗಿ ಸಾಗಿರೆಂಬ ಸೂಚನೆ ಹೊರಡತೊಡಗಿತು; ಆದರೆ ಅದು ಐಚ್ಛಿಕ. ಸಣ್ಣ ದೋಣಿಗಳಿಗೂ ಕಡ್ಡಾಯ ಮಿತಿಯನ್ನು ವಿಸ್ತರಿಸುವ ಪ್ರಸ್ತಾವವು 2022ರಲ್ಲಿ ಬಂದು, 2025ರ ಜನವರಿಯಲ್ಲಿ ಹಿಂತೆಗೆಯಲ್ಪಟ್ಟಿತು. ಕೇಳಿಸಿಕೊಳ್ಳುವುದು ವಿಜ್ಞಾನದ ಕೆಲಸ. ಕೇಳಿದ ಮೇಲೆ ನಡೆದುಕೊಳ್ಳುವುದು ಮನಸ್ಸಿನ ಕೆಲಸ. ಮೊದಲನೆಯದು ಎಷ್ಟು ಮುಂದುವರಿದರೂ ಎರಡನೆಯದು ತಾನಾಗಿ ಹಿಂದೆ ಬರುವುದಿಲ್ಲ.

ಇದು ದೂರದೇಶದ ನಾವಿಕರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ವ್ಯಾಪಾರಸ್ಥರು ಭಾವಿಸಬಾರದು. ಜಗತ್ತಿನ ವ್ಯಾಪಾರದ ಸರಕಿನಲ್ಲಿ, ಪರಿಮಾಣದ ಲೆಕ್ಕದಂತೆ, ಶೇಕಡಾ 80ಕ್ಕೂ ಹೆಚ್ಚು ಭಾಗ ಸಾಗುವುದು ಕಡಲಿನ ಮೇಲೆಯೇ. ಅಂಗಡಿಯ ಕಪಾಟಿನಲ್ಲಿರುವ ಎಷ್ಟೋ ವಸ್ತುಗಳು ಯಾವುದೋ ಜೀವಿಯ ತಲೆಯ ಮೇಲಿನಿಂದ ಹಾದು ಬಂದಿರುತ್ತವೆ. ಸರಕು ತಡವಾದರೆ ನಷ್ಟವೆಷ್ಟೆಂದು ಖಾತೆಪುಸ್ತಕದಲ್ಲಿ ಬರೆಯಲು ಸಾಲುಂಟು. ಅವಸರದಿಂದ ಹೋದ ಜೀವಕ್ಕೆ ಅದರಲ್ಲಿ ಸಾಲಿಲ್ಲ. ಸಾಲಿಲ್ಲವೆಂದ ಮಾತ್ರಕ್ಕೆ ಬಾಕಿಯಿಲ್ಲವೆಂದು ಅರ್ಥವಲ್ಲ. ‘ನಾಳೆಯೇ ಬೇಕು’ ಎಂಬ ಬೇಡಿಕೆಯನ್ನು ‘ಎರಡು ದಿನ ತಡವಾದರೂ ಆದೀತು’ ಎಂದು ತಿದ್ದಿಕೊಳ್ಳುವುದು ವರ್ತಕನಿಗೂ ಗಿರಾಕಿಗೂ ಅಸಾಧ್ಯವಾದುದೇನಲ್ಲ. ಆ ತಾಳ್ಮೆಯ ಫಲವು ತಲುಪುವುದು, ಕೂಗಲೂ ಹೆದರಿ ಮರಿಯೊಡನೆ ಸುಮ್ಮನೆ ಸಾಗುತ್ತಿರುವ ಒಂದು ತಾಯಿಗೆ.